ಮಾಟುಂಗದ ಬೋರ್ಡು, ನನ್ನ ಹೆಬ್ಬೆರಳು

ಮಸ್ಕತ್‌ನಿಂದ ಮುಂಬೈ

ಮಸ್ಕತ್‌ನ ನಮ್ಮ ಕನ್ನಡ ಬಳಗದಲ್ಲಿ ಹೆಚ್ಚಿನವರಿಗೆ ಮುಂಬೈ ಎಂದರೆ ವಿಮಾನ ಬದಲಿಸುವ ಜಾಗ. ನನಗೂ ಅಷ್ಟೇ ಆಗಿತ್ತು. ಮೈಸೂರಿನಲ್ಲಿ ಓದು ಮುಗಿಸಿದವನೇ ಇಲ್ಲಿಗೆ ಬಂದು, ಇಲ್ಲಿನ ಪತ್ರಿಕೆಯೊಂದರ ಸುದ್ದಿ ಡೆಸ್ಕಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಊರಿಗೆ ಹೋಗುವಾಗಲೆಲ್ಲ ಮುಂಬೈ ವಿಮಾನ ನಿಲ್ದಾಣದಲ್ಲಿ ಕೂತು ಘಾಟ್ಕೋಪರ್‌ನಲ್ಲಿರುವ ಅಕ್ಕನಿಗೆ ಫೋನ್ ಮಾಡುತ್ತಿದ್ದೆ. ಈ ಮಳೆಗಾಲದಲ್ಲಿ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು: ಗಾಜಿನ ಹಿಂದೆ ನಿಂತು ‘ನಿಮ್ಮೂರಲ್ಲೇ ಇದ್ದೀನಿ ಕಣೇ’ ಅನ್ನಬೇಡ, ಮನೆಗೆ ಬಾ, ಒಂದು ವಾರ ಇದ್ದು ಹೋಗು.

ಹಾಗಾಗಿ ಮೊದಲ ಸಲ ಆ ಗಾಜಿನ ಆಚೆಗೆ ಹೋದೆ. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಮನೆ ಎಲ್ಲಿ ಎಂದು ಕೇಳಿದ. ಮಸ್ಕತ್ ಎಂದೆ. ಅವನು ಪಾಸ್‌ಪೋರ್ಟಿನ ಹೊದಿಕೆ ತಿರುಗಿಸಿ ನೋಡಿದ. ನಾನು ಮೈಸೂರು ಎಂದು ತಿದ್ದಿಕೊಂಡೆ. ಅದರೊಳಗಿನ ವಿಳಾಸ ಘಾಟ್ಕೋಪರ್‌ನದಾಗಿತ್ತು, ಅಕ್ಕನ ಮನೆಯದು. ಮೂರು ಉತ್ತರವೂ ನಿಜವೇ ಆಗಿದ್ದರೂ ಒಂದರ ಪಕ್ಕ ಒಂದನ್ನು ಇಟ್ಟರೆ ಸುಳ್ಳು ಹೇಳುತ್ತಿರುವಂತೆ ಕೇಳಿಸಿತು. ಮುಂದಿನ ವಾರವೆಲ್ಲ ಹೀಗೇ ಆಗಲಿದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಘಾಟ್ಕೋಪರ್

ಅಕ್ಕನ ಮನೆ ಸ್ಟೇಷನ್ನಿಗೆ ಹತ್ತಿರದ ಹೌಸಿಂಗ್ ಸೊಸೈಟಿಯೊಂದರಲ್ಲಿದೆ. ಎದುರು ಬಿಲ್ಡಿಂಗಿನವರು ಒಗ್ಗರಣೆ ಹಾಕಿದರೆ ಇವರ ನಡುಮನೆಯಲ್ಲಿ ಸೀನು ಬರುತ್ತದೆ. ಮಸ್ಕತ್‌ನಲ್ಲಿ ಪಕ್ಕದ ಮನೆಯವರ ಮುಖವನ್ನು ನಾನು ಲಿಫ್ಟಿನಲ್ಲಿ ಮಾತ್ರ ಕಂಡಿದ್ದೇನೆ. ಇಲ್ಲಿ ಬಂದ ಗಂಟೆಯೊಳಗೆ ಎದುರು ಮನೆಯವರು ಕಿಟಕಿಯಿಂದಲೇ ನನ್ನನ್ನು ನೋಡಿ ಅಕ್ಕನಿಗೆ ‘ಭಾಊ ಆಲಾ ಕಾ?’, ತಮ್ಮ ಬಂದನಾ, ಎಂದು ಮರಾಠಿಯಲ್ಲಿ ವಿಚಾರಿಸಿದರು. ಅಕ್ಕ ‘ಹೋ’ ಎಂದು ಕೂಗಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಕಾಫಿ ಬೇಕಾ ಎಂದಳು.

ಭಾವ ಬ್ಯಾಂಕಿನಿಂದ ನಿವೃತ್ತರಾದವರು. ಅವರ ಮಗಳು ಮೇಧಾ ಗೋರೆಗಾಂವ್‌ನ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ಅದೇ ಕಾಲೇಜಿನ ಫುಟ್‌ಬಾಲ್ ತಂಡದ ಬೆಂಚಿನಲ್ಲಿ ಅವಳಿಗೊಂದು ಜಾಗವಿದೆ. ಆಟಗಾರರಿಗೆ ಉಳುಕಿದರೆ, ತರಚಿದರೆ ಓಡಿಹೋಗಿ ನೋಡುವ ಕೆಲಸ. ಹಿಂದಿನ ವರ್ಷಗಳಲ್ಲಿ ಕೇಳಿ ಕೇಳಿ, ಈ ವರ್ಷ ಮೊದಲ ಬಾರಿಗೆ ಸಿಕ್ಕ ಜಾಗ ಅದು. ಮುಂದೆ ಕ್ರೀಡಾ ವಿಭಾಗದಲ್ಲೇ ತರಬೇತಿ ಸಿಗಬೇಕೆಂದರೆ ತಂಡದ ಮ್ಯಾನೇಜರ್ ಒಳ್ಳೆಯ ಮಾತು ಬರೆದುಕೊಡಬೇಕು. ಶನಿವಾರ ಅಂತರ ಕಾಲೇಜು ಫೈನಲ್ ಇತ್ತು. ಎದುರಾಳಿ ಮಾಟುಂಗದ ಕಾಲೇಜು. ಮನೆಯಲ್ಲಿ ಅಪ್ಪ ಮಗಳು ಆ ವಿಷಯ ಮಾತಾಡುತ್ತಿರಲಿಲ್ಲ, ಏಕೆಂದರೆ ಭಾವನ ಬೆಳಗಿನ ಕಾಫಿ ಸ್ನೇಹಿತರೆಲ್ಲ ಮಾಟುಂಗದವರು.

ನಾನು ಸುದ್ದಿಮನೆಯವನಾದ್ದರಿಂದ ಕೇಳಿಯೇ ಕೇಳಿದೆ, ಯಾರು ಗೆಲ್ಲುತ್ತಾರೆ ಎಂದು. ಮೇಧಾ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಮಾಮಾ, ಟೀಮ್ ಬಗ್ಗೆ ಮನೇಲಿ ನೋ ಬಾತ್. ಬೇರೆ ಏನಾದ್ರೂ ಕೇಳಿ.”

ಆ ಶಿಸ್ತು ನನಗೆ ಹಿಡಿಸಿತು. ಅವಳು ಬದಲಿಗೆ ನನ್ನ ಬಲಗೈ ಕೇಳಿದಳು. ಸೋಮವಾರ ಅವಳಿಗೆ ಪ್ರಾಕ್ಟಿಕಲ್ ಪರೀಕ್ಷೆಯಂತೆ, ಹೆಬ್ಬೆರಳಿಗೆ ಟೇಪ್ ಸುತ್ತುವುದು. ಅಕ್ಕನಿಗೆ ಅಡಿಗೆ ಕೆಲಸ, ಭಾವನಿಗೆ ಕಚಗುಳಿ, ಹಾಗಾಗಿ ಖಾಲಿ ಇದ್ದ ಕೈ ನನ್ನದು. ಬಿಳಿ ಟೇಪನ್ನು ಮಣಿಕಟ್ಟಿನಿಂದ ತಂದು, ಹೆಬ್ಬೆರಳ ಸುತ್ತ ಬಳಸಿ, ಮತ್ತೆ ಮಣಿಕಟ್ಟಿಗೆ ಒಯ್ದು, ಅದರ ಮೇಲೆ ಇನ್ನೊಂದು ಸುತ್ತು ಬಿಗಿದಳು.

“ಹಿಲಾನಾ ಮತ್, ಅಲ್ಲಾಡಿಸ್ಬೇಡಿ ಮಾಮಾ. ಟೈಟ್ ಆಯ್ತಾ?”

ಕೊನೆಯ ಸುತ್ತು ಬಿಗಿ ಎಂದೆ. ರಾತ್ರಿಯೆಲ್ಲ ಹಾಗೇ ಇಟ್ಟುಕೊಂಡು, ಮರುದಿನ ಅದರಲ್ಲೇ ಓಡಾಡಿ, ಎಲ್ಲಿ ಜಾರಿತು ಎಲ್ಲಿ ಹಿಡಿಯಿತು ಎಂದು ಹೇಳಬೇಕೆಂದಳು. ಹೀಗೆ ಪ್ರತಿ ಸಂಜೆ ಹೊಸ ಟೇಪು, ಪ್ರತಿ ಸಂಜೆ ಅದೇ ಪ್ರಶ್ನೆ, ನನ್ನದು ಅದೇ ಉತ್ತರ.

ಮಾಟುಂಗ

ಬುಧವಾರ ಬೆಳಿಗ್ಗೆ ಭಾವ ನನ್ನನ್ನು ಮಾಟುಂಗಕ್ಕೆ ಕರೆದೊಯ್ದರು. ಜನರ ನೂಕಿನಲ್ಲಿ ಅವರು ಸ್ಲೋ ಗಾಡಿ ಹತ್ತಿದರು, ನಾನು ಎದುರಿನ ಫಾಸ್ಟ್ ಗಾಡಿಯೊಳಗೆ ಸೇರಿಹೋದೆ. ಹತ್ತಿದೆ ಎನ್ನಲಾರೆ. ನನ್ನ ಕಾಲುಗಳನ್ನು ಆ ನಿರ್ಧಾರಕ್ಕೆ ಯಾರೂ ಕೇಳಲಿಲ್ಲ. ಮಾಟುಂಗ ಕಿಟಕಿಯಾಚೆ ಬಂದು ಹೋಯಿತು, ಗಾಡಿ ದಾದರ್‌ನಲ್ಲಿ ನಿಂತಿತು.

ಆ ಗಾಡಿಯಲ್ಲೊಂದು ಪದ್ಧತಿ ಕಂಡೆ. ನಿಂತವರು ಕೂತವರನ್ನು ಒಬ್ಬೊಬ್ಬರಾಗಿ ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಾರೆ. ಕೂತವರು ಬೇಸರವಿಲ್ಲದೆ ಹೇಳುತ್ತಾರೆ. ಅಷ್ಟಕ್ಕೆ ಆ ಸೀಟು ಆ ಸ್ಟೇಷನ್ನಿನ ನಂತರ ಕೇಳಿದವನದು ಎಂದು ಸುತ್ತಲಿನವರೆಲ್ಲ ಒಪ್ಪಿಕೊಂಡಂತೆ. ಮಸ್ಕತ್‌ನ ಬಸ್ಸಿನಲ್ಲಿ ಅಪರಿಚಿತನನ್ನು ಹೀಗೆ ಕೇಳಿದರೆ ಅವನು ಕಿಟಕಿಯತ್ತ ಮುಖ ತಿರುಗಿಸಿಯಾನು. ಇಲ್ಲಿ ಇಡೀ ಊರು ಮುಂದೇನಾಗಲಿದೆ ಎಂದು ಅಕ್ಕಪಕ್ಕದವರನ್ನು ವಿಚಾರಿಸಿಕೊಂಡು ಅದರ ಮೇಲೆ ತನ್ನ ದಿನವನ್ನು ಕಟ್ಟುತ್ತದೆ. ನನ್ನನ್ನೂ ಒಬ್ಬರು ಕೇಳಿದರು. ಗೊತ್ತಿಲ್ಲ ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ಕನಿಕರದಿಂದ ನೋಡಿದರು.

ದಾದರ್‌ನಿಂದ ಒಂದು ಸ್ಟೇಷನ್ ಹಿಂದೆ ಬಂದಾಗ ಭಾವ ಶೆಟ್ಟರ ಉಡುಪಿ ಹೋಟೆಲಿನಲ್ಲಿ ಅರ್ಧ ಕಾಫಿ ಮುಗಿಸಿದ್ದರು. ಶೆಟ್ಟರು ಕಟ್ಟಾ ಫುಟ್‌ಬಾಲ್ ಭಕ್ತರು. ಮಾಟುಂಗ ಕಾಲೇಜಿನಲ್ಲಿ ಓದಿದವರು. ಅವರ ಗಲ್ಲಾದ ಹಿಂದಿನ ಗೋಡೆಯಲ್ಲಿ ಕಪ್ಪು ಬೋರ್ಡೊಂದಿದೆ. ಬೇರೆ ಹೋಟೆಲುಗಳಲ್ಲಿ ಅಲ್ಲಿ ದಿನದ ವಿಶೇಷ ಬರೆದಿರುತ್ತಾರೆ. ಶೆಟ್ಟರ ಬೋರ್ಡಿನಲ್ಲಿ ಫೈನಲ್ ವಾರದಲ್ಲಿ ಗಿರಾಕಿಗಳ ಹೆಸರು, ಪಕ್ಕದಲ್ಲಿ ಅವರು ಹೇಳಿದ ಸ್ಕೋರು. ಪಂದ್ಯದ ಮರುದಿನ ಭಾನುವಾರ, ಸರಿಯಾಗಿ ಹೇಳಿದವರು ಕೂತು ತಿನ್ನುತ್ತಾರೆ, ತಪ್ಪಾಗಿ ಹೇಳಿದವರು ಪಂಚೆ ಎತ್ತಿ ಕಟ್ಟಿ ಅವರಿಗೆ ಬಡಿಸುತ್ತಾರೆ. ಕಳೆದ ವರ್ಷ ಭಾವ ಚಟ್ನಿ ಬಕೆಟ್ ಹಿಡಿದಿದ್ದರಂತೆ.

ಶೆಟ್ಟರು ಸೀಮೆಸುಣ್ಣ ಹಿಡಿದು ನನ್ನ ಕಡೆ ನೋಡಿದರು. ಆಗಿಲ್ಲದ್ದನ್ನು ನಾನು ಬರೆಸುವುದಿಲ್ಲ ಎಂದೆ. ನನ್ನ ವೃತ್ತಿಯಲ್ಲಿ ಅದು ಮೊದಲ ಪಾಠ.

“ಎಂತ ಮಾರಾಯ್ರೆ, ಆದ ಮೇಲೆ ಹೇಳ್ಲಿಕ್ಕೆ ನಮ್ಗೂ ಬರ್ತದೆ” ಎಂದರು ಶೆಟ್ಟರು. ಆದರೆ ಹೋಟೆಲಿಗೆ ಬಂದವನ ಹೆಸರು ಬಿಡುವಂತಿಲ್ಲ. ‘ಮಸ್ಕತ್’ ಎಂದು ಬರೆದು ಎದುರಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಅಷ್ಟರಲ್ಲಿ ನಮ್ಮ ಮೇಜಿಗೆ ಒಬ್ಬರು ಬಂದು ಕೂತರು. ಪೂಜಾರಿ ಸರ್ ಎಂದು ಭಾವ ಪರಿಚಯಿಸಿದರು. ಮಾಟುಂಗ ತಂಡದ ಕೋಚ್. ಮಿತ ಮಾತಿನ ಮನುಷ್ಯ. ಅವರು ನನ್ನ ಮುಖಕ್ಕಿಂತ ಹೆಚ್ಚಾಗಿ ಕಾಫಿ ಲೋಟ ಹಿಡಿದ ನನ್ನ ಕೈಯನ್ನು ನೋಡುತ್ತಿದ್ದರು.

“ಕೈಗೆ ಯಾರು ಕಟ್ಟಿದ್ದು?”

ಅಕ್ಕನ ಮಗಳು ಎಂದೆ. ಭಾವ ಹೆಮ್ಮೆಯಿಂದ, ತನ್ನ ಮಗಳು, ಗೋರೆಗಾಂವ್ ತಂಡದ ಬೆಂಚಿನಲ್ಲಿ ಕೂರುವವಳು ಎಂದು ಸೇರಿಸಿದರು. ಯಾವಾಗ ಕಟ್ಟಿದ್ದು ಎಂದು ಪೂಜಾರಿ ಸರ್ ಕೇಳಿದರು. ದಿನಾ ಸಂಜೆ ಕಟ್ಟುತ್ತಾಳೆ, ಇದೊಂದನ್ನೇ ಎಂದೆ. ಅವರು ತಲೆಯಾಡಿಸಿ ಕಾಫಿ ಮುಗಿಸದೆ ಎದ್ದರು.

ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ನನಗೆ ಅಭ್ಯಾಸ. ಯಾರು, ಯಾವಾಗ, ಏನು ಎಂದು ಅವರು ಕೇಳಿದರು. ಯಾಕೆ ಎಂದು ಕೇಳಲಿಲ್ಲ. ನಾನು ಹೇಳಲಿಲ್ಲ. ನಾವು ಎರಡನೇ ಕಾಫಿ ಮುಗಿಸುವಷ್ಟರಲ್ಲಿ ಬೋರ್ಡಿನ ಮೇಲಿನ ಅಂಕಿಗಳು ಒಂದೊಂದಾಗಿ ಅಳಿಸಿ ಬದಲಾದವು. ಒಂದಕ್ಕೆ ಒಂದು ಎಂದಿದ್ದವರು ಮಾಟುಂಗಕ್ಕೆ ಮೂರು, ಗೋರೆಗಾಂವ್‌ಗೆ ಸೊನ್ನೆ ಎಂದರು. ಭಾವ ಕೂಡ ಮಾಟುಂಗಕ್ಕೆ ಎರಡು, ಗೋರೆಗಾಂವ್‌ಗೆ ಸೊನ್ನೆ ಎಂದು ಬರೆಸಿದರು. ಎಲ್ಲರೂ ಬದಲಿಸುತ್ತಿದ್ದಾರೆ, ಏನೋ ಇರಬೇಕು ಎಂದಷ್ಟೇ ಅವರ ವಿವರಣೆ. ನನಗೆ ಏನೂ ಅರ್ಥವಾಗದೆ ಮಸಾಲೆ ದೋಸೆ ತಿಂದೆ. ದೋಸೆ ಚೆನ್ನಾಗಿತ್ತು.

ಮತ್ತೆ ಘಾಟ್ಕೋಪರ್

ಗುರುವಾರ ಸಂಜೆ ಮೇಧಾ ಮನೆಗೆ ಬಂದವಳು ಟೇಪ್ ತೆಗೆಯಲಿಲ್ಲ. ನಾನೇ ಕೈ ಚಾಚಿದೆ. ಅವಳು ಅದನ್ನು ಹಿಂದಕ್ಕೆ ಸರಿಸಿ ಫೋನ್ ನನ್ನ ಮುಂದೆ ಇಟ್ಟಳು. ಶೆಟ್ಟರ ಬೋರ್ಡಿನ ಚಿತ್ರ. ಅಂಕಿಗಳ ಕೆಳಗೆ ಯಾರೋ ಹೊಸದಾಗಿ ಬರೆದಿದ್ದರು: ಗೋರೆಗಾಂವ್ ಗೋಲಿಯ ಬಲ ಹೆಬ್ಬೆರಳು ಡೌಟು. ಗೋಲಿ ಎಂದರೆ ಗೋಲ್‌ಕೀಪರ್.

ಆಗ ಅವಳು ಒಂದೊಂದೇ ಬಿಡಿಸಿ ಹೇಳಿದಳು. ಅವಳು ನನಗೆ ಸುತ್ತುತ್ತಿದ್ದ ಟೇಪು, ಚೆಂಡು ಬಡಿದು ಹೆಬ್ಬೆರಳು ಹಿಂದಕ್ಕೆ ಬಾಗಿದ ಗೋಲಿಗಳಿಗೆ ಸುತ್ತುವ ರೀತಿಯದು. ಗೋಲಿಯ ಕೈ ಗ್ಲೋವಿನೊಳಗಿರುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಆದರೆ ಗೋಲಿಯ ಕೈ ನೋಡಿಕೊಳ್ಳುವ ಹುಡುಗಿ ದಿನವೂ ಸಂಜೆ ಅದೊಂದೇ ಪಟ್ಟು ಅಭ್ಯಾಸ ಮಾಡುತ್ತಿದ್ದಾಳೆ ಎಂದರೆ ಪೂಜಾರಿ ಸರ್‌ಗೆ ಇನ್ನೇನು ಬೇಕು. ಬೋರ್ಡಿನ ಚಿತ್ರ ಮಧ್ಯಾಹ್ನದೊಳಗೆ ಗೋರೆಗಾಂವ್ ಮುಟ್ಟಿತ್ತು. ಮ್ಯಾನೇಜರ್ ಸಾವಂತ್ ಸರ್ ಅವಳನ್ನು ಕರೆದು, ಶನಿವಾರ ಬೆಂಚಿಗೆ ಬರಬೇಡ ಎಂದಿದ್ದರು.

ಗೋಲಿಯ ಬೆರಳಿಗೆ ನಿಜವಾಗಿ ಏನಾದರೂ ಆಗಿದೆಯೇ ಎಂದು ನಾನು ಕೇಳಿದೆ. ಕೇಳಬಾರದಿತ್ತು.

“ಅದನ್ನೂ ನಾನು ಹೇಳಲ್ಲ ಮಾಮಾ. ಆಯ್ತು ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ಅದು ಅವನ ಕೈ.”

ಅಕ್ಕ ಒಳಗಿನಿಂದ ಬಂದು, ನೀನು ಮಸ್ಕತ್‌ನಲ್ಲೂ ಹೀಗೇ ಊರೆಲ್ಲ ಕೈ ಆಡಿಸಿಕೊಂಡು ತಿರುಗುತ್ತೀಯಾ ಎಂದು ನನ್ನನ್ನು ಕೇಳಿದಳು. ಭಾವ ಕಳೆದ ವರ್ಷದ ಚಟ್ನಿ ಬಕೆಟ್ಟಿನ ವಿಷಯ ಎತ್ತಿದರು. ಯಾರೂ ನಗಲಿಲ್ಲ. ಮೇಧಾ ತನ್ನ ಕೋಣೆಯಲ್ಲಿ ತನ್ನ ಎಡಗೈಯಿಂದ ತನ್ನದೇ ಬಲಗೈಗೆ ಟೇಪ್ ಸುತ್ತಲು ನೋಡುತ್ತಿದ್ದುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಅದು ಆಗುವ ಕೆಲಸವಲ್ಲ.

ನನ್ನ ಕೈಯಲ್ಲಿ ಹಿಂದಿನ ದಿನದ ಟೇಪು ಇನ್ನೂ ಇತ್ತು. ಅದನ್ನೇನು ಮಾಡಬೇಕೆಂದು ತಿಳಿಯಲಿಲ್ಲ. ತೆಗೆದರೆ ಏನನ್ನೋ ಮುಚ್ಚಿಟ್ಟಂತೆ, ಇಟ್ಟುಕೊಂಡರೆ ಏನನ್ನೋ ಸಾರಿದಂತೆ. ಬರೀ ಒಂದು ಹೆಬ್ಬೆರಳಿಗೆ ಇಷ್ಟು ಮಾತು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಮತ್ತೆ ಮಾಟುಂಗ

ತಪ್ಪು ಅಚ್ಚಾದರೆ ಮರುದಿನವೇ ತಿದ್ದುಪಡಿ ಹಾಕಬೇಕು. ನಾನು ಬಲ್ಲ ದಾರಿ ಅದೊಂದೇ. ಶುಕ್ರವಾರ ಬೆಳಿಗ್ಗೆ ಯಾರಿಗೂ ಹೇಳದೆ, ಈ ಸಲ ಸರಿಯಾದ ಗಾಡಿ ಹತ್ತಿ, ಶೆಟ್ಟರ ಹೋಟೆಲಿಗೆ ಹೋದೆ. ಪೂಜಾರಿ ಸರ್ ಒಬ್ಬರೇ ಮೂಲೆಯಲ್ಲಿ ಇಡ್ಲಿ ತಿನ್ನುತ್ತಿದ್ದರು. ಎದುರು ಕೂತು ವಿವರವಾಗಿ ಹೇಳಿದೆ: ಸೋಮವಾರ ಮಗುವಿಗೆ ಪರೀಕ್ಷೆ, ಪರೀಕ್ಷೆಗೆ ಹೆಬ್ಬೆರಳು, ಹೆಬ್ಬೆರಳಿಗೆ ನಾನು. ಗೋಲಿಗೂ ಇದಕ್ಕೂ ಸಂಬಂಧವಿಲ್ಲ.

ಅವರು ಪೂರ್ತಿ ಕೇಳಿದರು. ಸಾಂಬಾರಿನಲ್ಲಿ ಚಮಚ ಆಡಿಸಿದರು.

“ನೀವು ಪೇಪರಿನವರಲ್ವಾ? ನೀವೇ ಹೇಳಿ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡ್ಲಿಕ್ಕೆ ಯಾರಾದ್ರೂ ಇಷ್ಟು ಬೆಳಿಗ್ಗೆ ರೈಲು ಹತ್ತಿ ಬರ್ತಾರಾ?”

ಕೇಳದೇ ಬಂದ ನಿರಾಕರಣೆಯನ್ನು ಎರಡು ಸಲ ಓದು ಎಂದು ಡೆಸ್ಕಿಗೆ ಬಂದ ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಪೂಜಾರಿ ಸರ್ ಅದನ್ನೇ ಮಾಡುತ್ತಿದ್ದರು. ಹುಡುಗಿಯ ಮೇಲೆ ತನಗೇನೂ ಕೋಪವಿಲ್ಲ, ಅವಳ ಕಟ್ಟು ಚೆನ್ನಾಗಿದೆ, ತನ್ನ ತಂಡದಲ್ಲೂ ಅಂಥವರು ಬೇಕಿತ್ತು ಎಂದು ಹೇಳಿ ಎದ್ದರು. ಹೋಗುವಾಗ ಗಲ್ಲಾದ ಬಳಿ ನಿಂತು, ತನ್ನ ಹೆಸರಿನ ಮುಂದಿದ್ದ ಎರಡನ್ನು ಮೂರು ಮಾಡಿಸಿದರು.

ಶೆಟ್ಟರು ನನ್ನ ಪ್ರಶ್ನಾರ್ಥಕ ಚಿಹ್ನೆಯತ್ತ ಕೈ ತೋರಿಸಿ, ಈಗಲಾದರೂ ಅಂಕಿ ಹಾಕಲೇ ಎಂದರು. ಬೇಡ ಎಂದೆ. ಮೊದಲಿಗಿಂತ ಈಗ ನನಗೆ ಗೊತ್ತಿದ್ದುದು ಕಡಿಮೆ.

ಗೋರೆಗಾಂವ್

ಮಾಟುಂಗದಲ್ಲಿ ಎರಡು ಸ್ಟೇಷನ್ನುಗಳಿವೆ, ಒಂದೊಂದು ಒಂದೊಂದು ಲೈನಿಗೆ. ಹಳಿಗಳ ಮೇಲಿನ ಉದ್ದನೆಯ ಸೇತುವೆ ದಾಟಿ ಇನ್ನೊಂದಕ್ಕೆ ಹೋಗಬೇಕು. ಅದನ್ನು ಹುಡುಕುವಷ್ಟರಲ್ಲಿ ಮಳೆ ಹಿಡಿಯಿತು. ಮಸ್ಕತ್‌ನಲ್ಲಿ ಮಳೆ ಬಂದರೆ ನಾವು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಇಲ್ಲಿ ಎದುರು ಬರುತ್ತಿದ್ದವರು ಮಾತು ಕೂಡ ನಿಲ್ಲಿಸಲಿಲ್ಲ, ಕೊಡೆಯನ್ನಷ್ಟೇ ಬಿಡಿಸಿದರು.

ಗೋರೆಗಾಂವ್‌ನ ಕಾಲೇಜು ಮೈದಾನ ಕೆಸರಾಗಿತ್ತು. ಮಸ್ಕತ್‌ನ ನಮ್ಮ ಹುಡುಗರು ಸಮುದ್ರ ಇಳಿದಾಗ ಗಟ್ಟಿ ಮರಳಿನ ಮೇಲೆ ಆಡುವುದನ್ನು ನೋಡಿದ ಕಣ್ಣಿಗೆ ಇದು ಫುಟ್‌ಬಾಲ್ ಅನ್ನಿಸಲಿಲ್ಲ, ನಾಟಿಗೆ ಗದ್ದೆ ಹದ ಮಾಡುತ್ತಿರುವಂತಿತ್ತು. ಸಾವಂತ್ ಸರ್ ಛತ್ರಿಯಡಿ ನಿಂತಿದ್ದರು. ನಾನು ನನ್ನ ಪರಿಚಯ ಹೇಳಿದ ಕೂಡಲೇ ನನ್ನ ಕೈ ನೋಡಿದರು. ಆ ವಾರ ಯಾರೂ ನನ್ನನ್ನು ಮುಖದಿಂದ ಶುರು ಮಾಡಲಿಲ್ಲ.

ಅವರು ಹಿಂದಿಯಲ್ಲಿ ಹೇಳಿದ್ದು ಇಷ್ಟು. ಮೇಧಾ ಬಾಯಿಬಿಟ್ಟಿಲ್ಲವೆಂದು ಅವರಿಗೆ ಗೊತ್ತು. ಆದರೆ ಅವಳನ್ನು ಡಾಕ್ಟರ್ ಎಂದೇ ಕರೆಯುವ ತಂಡದ ಹುಡುಗರು ಕೇಳುತ್ತಿದ್ದಾರೆ, ಡಾಕ್ಟರ್ ಮಾಮಾ ಬೆಳಿಗ್ಗೆ ಬೆಳಿಗ್ಗೆ ಪೂಜಾರಿಯ ಜೊತೆ ಕಾಫಿ ಕುಡಿಯುವುದೇಕೆ ಎಂದು. ನಿಜವೋ ಸುಳ್ಳೋ, ಗೋಲಿಯ ಕೈ ಮಾಟುಂಗದ ಬೋರ್ಡಿನ ಮೇಲೆ ಬರಬಾರದಿತ್ತು. ಇವತ್ತು ಬೆಳಿಗ್ಗೆ ಎಲ್ಲಿದ್ದಿರಿ ಎಂದು ಅವರು ಕೇಳಿದರು. ಮಾಟುಂಗದಲ್ಲಿ ಎಂದೆ. ಪೂಜಾರಿ ಸರ್‌ಗೆ ನಿಜ ಹೇಳಿ ಬಂದೆ ಎಂದೂ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿದರು.

ಗೋಲಿನ ಕಡೆಯಿಂದ ಎತ್ತರದ ಹುಡುಗನೊಬ್ಬ ಗ್ಲೋವ್ ಬಿಚ್ಚುತ್ತ ಬಂದ. ಬಸವರಾಜ, ತಂಡದ ಗೋಲಿ. ಅವನ ತಂದೆ ಯಾದಗಿರಿ ಕಡೆಯಿಂದ ಬಂದು ಇಲ್ಲಿ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಾರೆ, ಮನೆ ಘಾಟ್ಕೋಪರ್‌ನಲ್ಲಿ, ಸಾಲುಮನೆಗಳ ಒಂದು ಚಾಳಿನಲ್ಲಿ. ನಾನು ಕನ್ನಡದವನೆಂದು ತಿಳಿದು ಕನ್ನಡದಲ್ಲೇ ಮಾತಾಡಿದ.

“ನೀವ ಏನ್ರಿ ಡಾಕ್ಟರ್ ಮಾಮಾ? ನಿಮ್ಮ ಹೆಬ್ಬಟ್ಟಿಗೆ ಏನಾಗೇತ್ರಿ?”

ಏನೂ ಆಗಿಲ್ಲ ಎಂದೆ.

“ನಂದಕ್ಕೂ ಏನೂ ಆಗಿಲ್ರಿ. ಇಬ್ರೂ ಆರಾಮ ಅದೀವಿ, ಊರಾಗ ನಮ್ಮದ ಸುದ್ದಿ.”

ಎರಡೂ ಹೆಬ್ಬೆರಳನ್ನು ಮಡಚಿ ಚಾಚಿ ತೋರಿಸಿದ. ನನಗೆ ಕಂಡಷ್ಟರ ಮಟ್ಟಿಗೆ ಸರಿಯಾಗಿದ್ದವು, ಆದರೆ ನಾನು ವೈದ್ಯನಲ್ಲ. ಆಮೇಲೆ ಅವನು ಸಾವಂತ್ ಸರ್ ಕಡೆ ತಿರುಗಿ ಹಿಂದಿಯಲ್ಲಿ ಬೇಡಿಕೊಂಡ. ಈಗ ಅವರೆಲ್ಲ ತನ್ನ ಬಲಗೈಗೇ ಹೊಡೆಯುತ್ತಾರೆ, ಹೊಡೆದು ಹೊಡೆದು ನಾಳೆ ನಿಜವಾಗಿಯೂ ಏನಾದರೂ ಆದರೆ ಕಟ್ಟುವವರು ಯಾರು, ಡಾಕ್ಟರ್ ಬೆಂಚಿನ ಮೇಲಿರಲಿ ಎಂದ.

ಸಾವಂತ್ ಸರ್ ಕೊನೆಗೆ ಒಪ್ಪಿದರು, ಷರತ್ತಿನ ಮೇಲೆ. ಮೇಧಾ ಬೆಂಚಿನಲ್ಲಿರಲಿ. ಅವಳ ಮಾಮಾ ಪಂದ್ಯಕ್ಕೆ ಬಂದು, ಬೆಂಚಿನ ಹಿಂದೆ ಸಾವಂತ್ ಸರ್ ಕಣ್ಣಿಗೆ ಕಾಣುವಲ್ಲಿ ಕೂರಬೇಕು. ಅಲ್ಲಿಯ ತನಕ ಮಾಟುಂಗದಲ್ಲಿ ಇಳಿಯಕೂಡದು. ಮತ್ತೆ ಗೋಲಿಯ ಬಗ್ಗೆ ಒಂದೇ ಒಂದು ಮಾತು ಹೊರಗೆ ಬಂದರೂ, ನಿಜವೋ ಸುಳ್ಳೋ, ಆ ಹುಡುಗಿ ಮುಂದೆಂದೂ ತನ್ನ ಬೆಂಚಿಗೆ ಬರುವ ಹಾಗಿಲ್ಲ. ನಾನು ಟೇಪ್ ತೆಗೆಯಲೇ ಎಂದು ಕೇಳಿದೆ. ಅವರು ಯೋಚಿಸಿ, ದಯವಿಟ್ಟು ಏನನ್ನೂ ಮಾಡಬೇಡಿ ಎಂದರು.

ಶನಿವಾರ, ಮೈದಾನ

ಫೈನಲ್ ಇದ್ದದ್ದು ಚರ್ಚ್‌ಗೇಟ್ ಕಡೆಯ ಒಂದು ಮೈದಾನದಲ್ಲಿ. ಬೆಂಚಿನ ಹಿಂದೆ ಕೂತ ನನಗೆ ಮೇಧಾಳ ಬೆನ್ನು, ಅವಳ ಕಾಲ ಬಳಿಯ ಐಸ್ ಡಬ್ಬಿ ಕಾಣುತ್ತಿದ್ದವು. ಅವಳು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಎದುರು ಬದಿಯ ಮೆಟ್ಟಿಲುಗಳಲ್ಲಿ ಶೆಟ್ಟರು, ಭಾವ ಮತ್ತು ಬೋರ್ಡಿನ ಮೇಲಿನ ಹೆಚ್ಚುಕಡಿಮೆ ಎಲ್ಲ ಹೆಸರುಗಳು ಕೊಡೆ ಹಿಡಿದು ಕೂತಿದ್ದವು. ಭಾವ ನನಗೆ ಕೈ ಬೀಸಿದರು. ನಾನು ಎಡಗೈ ಬೀಸಿದೆ.

ಆಟದ ಒಳಸುಳಿ ನನಗೆ ತಿಳಿಯದು, ಆದರೆ ಒಂದು ವಿಷಯ ಯಾರ ಕಣ್ಣಿಗೂ ತಪ್ಪುವಂತಿರಲಿಲ್ಲ. ಮಾಟುಂಗದ ಹುಡುಗರು ಎಲ್ಲಿಂದ ಚೆಂಡು ಸಿಕ್ಕರೂ ಒಂದೇ ಕಡೆಗೆ ಹೊಡೆಯುತ್ತಿದ್ದರು, ಗೋಲಿಯ ಬಲಗೈ ಕಡೆಗೆ, ಎತ್ತರಕ್ಕೆ. ಪಕ್ಕದಲ್ಲಿ ತಮ್ಮವನು ಖಾಲಿ ನಿಂತಿದ್ದರೂ ಅವನಿಗೆ ಕೊಡದೆ ಅಲ್ಲಿಗೇ ಹೊಡೆದರು. ಬಸವರಾಜ ಮೊದಲೇ ಅಲ್ಲಿ ನಿಂತಿರುತ್ತಿದ್ದ. ಎಲ್ಲಿಗೆ ಬರುತ್ತದೆಂದು ಗೊತ್ತಿರುವ ಚೆಂಡು ಹಿಡಿಯುವುದು, ಎಲ್ಲಿ ಇಳಿಯುತ್ತಾನೆಂದು ಗೊತ್ತಿರುವವನ ಸೀಟು ಹಿಡಿದಂತೆ. ಆದರೆ ಗೋರೆಗಾಂವ್‌ನವರಿಗೂ ಆ ಕೆಸರಿನಲ್ಲಿ ಗೋಲು ಹೊಡೆಯಲಾಗಲಿಲ್ಲ. ನನ್ನ ಪಕ್ಕದಲ್ಲಿದ್ದವರೊಬ್ಬರು, ಪೂಜಾರಿಗೆ ಈ ಸಲ ಏನಾಗಿದೆ ಎಂದು ಹಿಂದಿಯಲ್ಲಿ ನನ್ನನ್ನು ಕೇಳಿದರು. ನನಗೆ ಗೊತ್ತಿತ್ತು. ಕೈಯನ್ನು ಜೇಬಿಗೆ ಹಾಕಿಕೊಂಡೆ.

ಆಟ ಮುಗಿಯುತ್ತ ಬಂದಾಗ ಹತ್ತಿರದಿಂದ ಹೊಡೆದ ಒಂದು ಚೆಂಡು, ಅದೇ ಕಡೆಗೆ ಬಂದದ್ದು, ಬಸವರಾಜನ ಬಲಗೈಗೆ ಬಡಿದು ಹೊರಹೋಯಿತು. ಅವನು ಮಂಡಿಯೂರಿ ಕೈಯನ್ನು ಹೊಟ್ಟೆಗೆ ಒತ್ತಿಕೊಂಡ. ರೆಫರಿ ಕೈ ಎತ್ತಿದ. ಮೇಧಾ ಓಡಿದಳು.

ಗ್ಲೋವ್ ತೆಗೆಯುವಾಗ ಅವನು ಮುಖ ಕಿವುಚಿದ. ಮೇಧಾ ಟೇಪಿನ ತುದಿಯನ್ನು ಹಲ್ಲಿನಿಂದ ಹರಿದಳು. ಮಣಿಕಟ್ಟಿನಿಂದ ಹೆಬ್ಬೆರಳಿಗೆ, ಸುತ್ತಿ ಮತ್ತೆ ಮಣಿಕಟ್ಟಿಗೆ. ಆ ದೂರದಿಂದಲೂ ಪ್ರತಿ ಬಳಸು ನನ್ನ ಕೈಗೆ ಪರಿಚಿತವಾಗಿತ್ತು. ರೆಫರಿ ಗಡಿಯಾರ ನೋಡುತ್ತಿದ್ದ. ಕೊನೆಯ ಸುತ್ತು, ನಾನು ದಿನಾ ಬಿಗಿ ಎಂದು ದೂರುತ್ತಿದ್ದ ಸುತ್ತು, ಬರಬೇಕಿತ್ತು. ಅವಳು ಅದನ್ನು ಹಾಕಲಿಲ್ಲ. ಅವನಿಗೆ ಏನೋ ಕೇಳಿದಳು. ಏನೆಂದು ನನಗೆ ಗೊತ್ತು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಅವಳು ಅದರ ಮೇಲೆ ಗ್ಲೋವ್ ಏರಿಸಿ ಹಿಂದಕ್ಕೆ ಓಡಿ ಬಂದಳು.

ಮೈದಾನದ ಅಂಚಿನಲ್ಲಿ ನಿಂತಿದ್ದ ಪೂಜಾರಿ ಸರ್ ಮೊದಲು ಗೋಲಿಯ ಕೈ ನೋಡಿದರು. ಆಮೇಲೆ ಅಷ್ಟು ದೂರದಿಂದ ನನ್ನನ್ನು ನೋಡಿದರು. ಎರಡೂ ಕೈ ಅಗಲಿಸಿ, ‘ನಾನು ಹೇಳಲಿಲ್ಲವೇ’ ಎಂಬಂತೆ ಭುಜ ಕುಣಿಸಿದರು. ಅವರು ನಂಬಿದ್ದು, ನನಗೆ ಗೊತ್ತಿದ್ದ ಮಟ್ಟಿಗೆ, ಸುಳ್ಳಾಗಿತ್ತು. ಅವರು ನಂಬಿದ್ದರಿಂದಲೇ ಅದು ನಿಜವಾಯಿತು. ಇದನ್ನು ಯಾವ ಪುಟದಲ್ಲಿ, ಯಾವ ತಲೆಬರಹದಡಿ ಹಾಕಬೇಕೆಂದು ನನಗೆ ಈಗಲೂ ತಿಳಿಯದು.

ಆಟ ಸೊನ್ನೆಗೆ ಸೊನ್ನೆಯಲ್ಲೇ ಮುಗಿಯಿತು. ಪೆನಾಲ್ಟಿಗಳಲ್ಲೂ ಮಾಟುಂಗದವರು ಹಟ ಬಿಡದೆ ಬಲಗಡೆಗೇ ಹೊಡೆದರು. ಬಸವರಾಜ ಒಂದನ್ನು ಎರಡೂ ಅಂಗೈಗಳಿಂದ ತಳ್ಳಿ ಹಾಕಿದ. ಗೋರೆಗಾಂವ್ ಗೆದ್ದಿತು. ಹುಡುಗರೆಲ್ಲ ಅವನ ಮೇಲೆ ಬಿದ್ದು ಕೆಸರಿನ ರಾಶಿಯಾದರು. ಮೇಧಾ ಹೊರಗೆ ನಿಂತು, ಕೈ ಹುಷಾರ್, ಕೈ ಹುಷಾರ್ ಎಂದು ಕೂಗುತ್ತಿದ್ದಳು. ಸಾವಂತ್ ಸರ್ ನನ್ನ ಬಳಿ ಬಂದು, ಈಗ ತೆಗೆಯಬಹುದು ಎಂದರು.

ಭಾನುವಾರ, ಮಾಟುಂಗ

ಬೋರ್ಡಿನ ಮೇಲೆ ಯಾರೂ ಸೊನ್ನೆ ಸೊನ್ನೆ ಬರೆದಿರಲಿಲ್ಲ. ಹಾಗಾಗಿ ಎಲ್ಲರೂ ಬಡಿಸುವವರೇ, ಕೂತು ತಿನ್ನುವವರು ಯಾರೂ ಇಲ್ಲ. ಶೆಟ್ಟರಿಗೆ ಇಂಥ ಭಾನುವಾರ ಹಿಂದೆ ಬಂದಿರಲಿಲ್ಲ. ನನ್ನ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಚರ್ಚೆಯಾಯಿತು. ಏನೂ ಹೇಳದವನು ತಪ್ಪಿತಸ್ಥನೇ ಅಲ್ಲವೇ ಎಂದು ಭಾವನೇ ಮೊದಲು ಎತ್ತಿದರು. ಕಳೆದ ವರ್ಷದ ಚಟ್ನಿ ಬಕೆಟ್ ಅವರ ಮನಸ್ಸಿನಲ್ಲಿತ್ತು.

“ಇಲ್ಲ ಮಾರಾಯ್ರೆ” ಎಂದರು ಶೆಟ್ಟರು. “ಗೊತ್ತಿಲ್ಲ ಅಂತ ಬರ್ಸಿದ್ದು ಅವ್ರೊಬ್ರೇ. ಯಾರಿಗೆ ಗೊತ್ತಿತ್ತು ಹೇಳಿ?”

ಹೀಗೆ ಗೆದ್ದವನು ನಾನು. ಏನನ್ನು ಗೆದ್ದೆ ಎಂದು ಕೇಳಲಿಲ್ಲ. ಗೆದ್ದವನು ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಬಹುದಂತೆ. ಮೇಧಾಳನ್ನು ಕರೆದುಕೊಂಡು ಹೋದೆ. ಅವಳ ಮೊದಲ ಪ್ರಶ್ನೆ, ಮ್ಯಾನೇಜರ್ ಸರ್ ಮಾಟುಂಗದಲ್ಲಿ ಇಳಿಯಬೇಡ ಅಂದಿದ್ದರಲ್ಲ ಎಂಬುದು. ಶನಿವಾರದ ತನಕ ಅಂದಿದ್ದರು ಎಂದೆ. ಆ ಬೆಳಿಗ್ಗೆಯೇ ಸಾವಂತ್ ಸರ್ ಅವಳಿಗೆ ಮೆಸೇಜ್ ಕಳಿಸಿದ್ದರು, ಮುಂದಿನ ಸೀಸನ್ನಿಗೂ ಬೆಂಚು ನಿನ್ನದೇ ಎಂದು. ಬಸವರಾಜನ ಕೈಯ ಎಕ್ಸ್‌ರೇ ಆಗಿತ್ತು. ಏನು ಬಂತು ಎಂದು ನಾನು ಕೇಳಲಿಲ್ಲ.

ಬ್ಯಾಂಕು, ವಿಮಾ ಕಚೇರಿಗಳಿಂದ ನಿವೃತ್ತರಾದ ಗಂಭೀರ ಮುಖದ ಹಿರಿಯರು ಪಂಚೆ ಎತ್ತಿ ಕಟ್ಟಿ ಸಾಲಾಗಿ ಬಂದರು. ಒಬ್ಬರು ಎಲೆ ಹಾಕಿದರು, ಒಬ್ಬರು ನೀರು ಚಿಮುಕಿಸಿದರು. ಭಾವ ಮಗಳ ಎಲೆಗೆ ವಡೆ ಹಾಕಿ, ಇನ್ನೊಂದು ಹಾಕಲೇ ಎಂದು ತುಂಬ ಮರ್ಯಾದೆಯಿಂದ ಕೇಳಿದರು. ಕೊನೆಯಲ್ಲಿ ಪೂಜಾರಿ ಸರ್, ಕೈಯಲ್ಲಿ ಚಟ್ನಿ ಬಕೆಟ್. ನನ್ನ ಬರಿಗೈ ನೋಡಿದರು. ಟೇಪ್ ಇದ್ದಲ್ಲಿ ಚರ್ಮ ಇನ್ನೂ ಬೆಳ್ಳಗಿತ್ತು. ಮೇಧಾಳ ಎದುರು ನಿಂತು, ಬಗ್ಗಿ, ಬೇರೆಯವರಿಗೆ ಕೇಳಿಸದಂತೆ ಕೇಳಿದರು.

“ಈಗ ಎಲ್ಲ ಮುಗೀತು, ಮಗಾ. ನಿಜ ಹೇಳು. ಮ್ಯಾಚಿಗೆ ಮೊದಲು ಅವನ ಬೆರಳು ಹೇಗಿತ್ತು?”

ನಾನೂ ತಿನ್ನುವುದು ನಿಲ್ಲಿಸಿದೆ. ಮೇಧಾ ಇಡ್ಲಿ ಮುರಿದಳು. ಎಲೆಯ ಅಂಚನ್ನು ಬೆರಳಿನಿಂದ ತೋರಿಸಿದಳು.

“ಕೋಚ್ ಸರ್, ಚಟ್ನಿ ಇಲ್ಲಿ. ಥೋಡಾ ಜಾಸ್ತಿ ಹಾಕಿ.”

ಪೂಜಾರಿ ಸರ್ ಸೌಟು ಬಕೆಟ್ಟಿಗೆ ಇಳಿಸಿ, ತೋರಿಸಿದ ಜಾಗಕ್ಕೇ ಬಡಿಸಿದರು.